ಟ್ಯಾಂಕರ್ ನೀರಿನ ಮುಖಗಳು

ಬರಪೀಡಿತ ಊರುಗಳ ಮೂರನೇ ಪಟ್ಟಿಯಲ್ಲಿ ನಮ್ಮೂರಿನ ಹೆಸರು ಬಂತು. ಮೊದಲನೆಯದರಲ್ಲಿ ಇರಲಿಲ್ಲ, ಎರಡನೆಯದರಲ್ಲೂ ಇರಲಿಲ್ಲ. ಉಪಗ್ರಹದ ಚಿತ್ರದಲ್ಲಿ ನಮ್ಮ ಸುತ್ತಮುತ್ತ ಹಸಿರು ಕಾಣುತ್ತಿತ್ತಂತೆ. ಆ ಹಸಿರು ಸೀಮೆಜಾಲಿಯದು. ಜಾಲಿ ಬೆಳೆಯಲ್ಲ ಎಂದು ರಾಜಧಾನಿಯವರಿಗೆ ಅರ್ಥವಾಗಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಊರಿನ ಹದಿನಾಲ್ಕು ಬಾವಿಗಳಲ್ಲಿ ಹದಿಮೂರು ಬತ್ತಿದ್ದವು.

ಉಳಿದದ್ದು ಪೇಟೆ ಬಾವಿ. ಅದರ ನೀರು ಇಳಿದಂತೆ ಒಳಗಿನ ಮುಖಗಳು ಒತ್ತೊತ್ತಾದವು. ನಮ್ಮೂರಿನ ನೀರು ತನ್ನನ್ನು ಬಗ್ಗಿ ನೋಡಿದವರ ಮುಖವನ್ನು ಬಿಡುವುದಿಲ್ಲ. ಬಾವಿ ತುಂಬಿದ್ದ ಕಾಲದಲ್ಲಿ ಅವು ಚೆದುರಿಕೊಂಡಿರುತ್ತಿದ್ದವು, ಒಂದು ಕೊಡಕ್ಕೆ ಒಂದು ಮುಖ, ಎಷ್ಟೋ ಸಲ ಅದೂ ಇಲ್ಲ. ಹೊಸ ಸೊಸೆ ಬಂದ ದಿನ ಅವಳನ್ನು ಬಾವಿಗೆ ಕರೆದೊಯ್ದು ಬಗ್ಗಿಸುವುದು ಪದ್ಧತಿ. ಅಜ್ಜಿ ಸತ್ತ ಮನೆಯವರು ಒಂದು ತಿಂಗಳು ಬೇರೆ ಬಾವಿಯಿಂದ ನೀರು ತರುತ್ತಿದ್ದರು, ಆಮೇಲೆ ಹಳೆಯ ಬಾವಿಗೇ ಬರುತ್ತಿದ್ದರು. ಇದಕ್ಕಿಂತ ಹೆಚ್ಚಿಗೆ ಯಾರೂ ತಲೆ ಕೆಡಿಸಿಕೊಂಡವರಲ್ಲ. ಆದರೆ ಪೇಟೆ ಬಾವಿಯ ಕೊನೆಯ ಕೊಡದಲ್ಲಿ ಏನಿಲ್ಲವೆಂದರೂ ನಲವತ್ತು ಮುಖಗಳಿದ್ದವು. ಒಂದರ ಕಣ್ಣಿನ ಮೇಲೆ ಇನ್ನೊಂದರ ಬಾಯಿ. ಆ ಕೊಡ ಸೇದಿದ ನಮ್ಮ ಬೀದಿಯ ಗಂಗಕ್ಕ ಸ್ವಲ್ಪ ಹೊತ್ತು ನೋಡಿ, ಅದನ್ನು ಒಯ್ದು ಎಮ್ಮೆಯ ಮುಂದಿಟ್ಟಳು. ಎಮ್ಮೆ ಕುಡಿಯಿತು.

ನನಗೆ ಕೆಲಸ ಸಿಕ್ಕಿದ್ದು ಬರದಿಂದ. ಹಾಸ್ಟೆಲ್ಲಿನಲ್ಲಿದ್ದು ಡಿಗ್ರಿ ಮುಗಿಸಿ ಎರಡು ವರ್ಷ ಖಾಲಿ ಕೂತಿದ್ದವನನ್ನು ತಾಲ್ಲೂಕು ಕಚೇರಿಯ ಬರ ನಿರ್ವಹಣಾ ಕೋಶಕ್ಕೆ ಆರು ತಿಂಗಳ ಗುತ್ತಿಗೆಯ ಮೇಲೆ ತೆಗೆದುಕೊಂಡರು. ಊರು ಬರಪೀಡಿತ ಎಂದು ಘೋಷಣೆಯಾದ ಮೇಲೆ ಎಲ್ಲವೂ ಆದೇಶದಂತೆ ಬಂತು. ಕಾರ್ಯಪಡೆಯ ಸಭೆ ಆಯಿತು, ಮೇವಿನ ಲಾರಿ ಬಂತು, ಸಹಾಯವಾಣಿಯ ನಂಬರು ಗೋಡೆಯ ಮೇಲೆ ಬಂತು, ಕೊನೆಗೆ ಟ್ಯಾಂಕರ್ ಬಂತು. ಸಂತೆ ಮೈದಾನದಲ್ಲಿ ನಿಂತು ಟ್ಯಾಂಕರಿನ ನಂಬರು, ಬಂದ ಸಮಯ, ನೀರು ತುಂಬಿಸಿದ ಜಾಗ ಇವನ್ನು ರಿಜಿಸ್ಟರಿನಲ್ಲಿ ಬರೆದು, ಫೋಟೊ ತೆಗೆದು ಕಳಿಸುವುದು ನನ್ನ ಕೆಲಸ. ನೀರು ತುಂಬಿಸಿದ ಜಾಗ ಜಲಾಶಯ. ಅಲ್ಲಿಗೆ ಅರವತ್ತೈದು ಕಿಲೋಮೀಟರು.

ಹೊರಗಿನ ನೀರು ನಮ್ಮೂರಿನ ಚೆಕ್‌ಪೋಸ್ಟ್ ದಾಟುವವರೆಗೆ ಬರೀ ನೀರು. ದಾಟಿತೆಂದರೆ ಅದು ಎಲ್ಲಿಂದ ಬಂದಿದೆಯೋ ಅಲ್ಲಿ ಬಗ್ಗಿದವರನ್ನೆಲ್ಲ ತೋರಿಸುತ್ತದೆ. ಮೊದಲ ವಾರ ಕೊಡಗಳಲ್ಲಿ ಪಂಪ್‌ಹೌಸಿನ ನೌಕರರಿದ್ದರು, ಬಟ್ಟೆ ಒಗೆಯುವ ಹೆಂಗಸರಿದ್ದರು, ಪ್ರವಾಸಕ್ಕೆ ಬಂದು ನಾಲಿಗೆ ಚಾಚಿದ ಮಕ್ಕಳಿದ್ದರು. ಪರಿಚಯವಿಲ್ಲದವರ ಮುಖ ನೋಡಿಕೊಂಡು ನೀರು ಕುಡಿಯುವುದು ಹೇಗೆ ಎಂದು ಜನ ತಕರಾರು ತೆಗೆದರು. ಸ್ವಂತದವರ ಮುಖವಾದರೆ ನಡೆಯುತ್ತಿತ್ತು. ಆರೋಗ್ಯ ಇಲಾಖೆಯವರು ಬಂದು ಪರೀಕ್ಷೆ ಮಾಡಿ, ಮುಖಗಳಿಂದ ಆರೋಗ್ಯಕ್ಕೆ ಹಾನಿಯಿಲ್ಲ ಎಂದು ಬೋರ್ಡು ಹಾಕಿದರು. ಜಿಲ್ಲಾಡಳಿತ ಮನೆಗೆ ಎರಡರಂತೆ ನೀಲಿ ಪ್ಲಾಸ್ಟಿಕ್ ಮುಚ್ಚಳ ಹಂಚಿತು. ಜನ ಕಣ್ಣು ಮುಚ್ಚಿ ಚೊಂಬು ಎತ್ತುವುದನ್ನು ಕಲಿತರು. ಟೀಯಲ್ಲಿ ಏನೂ ಕಾಣುವುದಿಲ್ಲವಾದ್ದರಿಂದ ಟೀ ಕುಡಿಯುವುದು ಜಾಸ್ತಿಯಾಯಿತು. ಗಂಗಕ್ಕ ಕುಡಿಯುವ ನೀರಿಗೆಲ್ಲ ನಾಲ್ಕು ಹನಿ ಹಾಲು ಬಿಡುತ್ತಿದ್ದಳು.

ಮೂರನೇ ವಾರ ಮುಖಗಳು ಬದಲಾದವು. ಈಗ ಬರುತ್ತಿದ್ದವರೆಲ್ಲ ಗಂಡಸರು. ಹುಬ್ಬು, ಮೀಸೆ, ರೆಪ್ಪೆಗಳ ಮೇಲೆ ಬಿಳಿ ಧೂಳು, ಕೆಲವರ ತಲೆಗೆ ಟವಲು ಸುತ್ತಿತ್ತು. ಅದೇ ವಾರ ಟ್ಯಾಂಕರುಗಳ ಟ್ರಿಪ್ಪು ದಿನಕ್ಕೆ ಐದರಿಂದ ಹದಿನಾಲ್ಕಕ್ಕೆ ಏರಿತ್ತು. ಗಾದಿಲಿಂಗ ಎಂಬ ಡ್ರೈವರ್ ನನಗೆ ಸ್ನೇಹಿತನಾಗಿದ್ದ. ಅವನು ನಮ್ಮೂರಿನವನಲ್ಲ. ಅವನನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವನು ಮುಚ್ಚಿಡಲಿಲ್ಲ. ಜಲಾಶಯದಲ್ಲಿ ಆರು ತಾಲ್ಲೂಕಿನ ಟ್ಯಾಂಕರುಗಳು ಸಾಲಾಗಿ ನಿಂತಿರುತ್ತವೆ, ಒಂದು ಟ್ರಿಪ್ಪಿಗೆ ಅರ್ಧ ದಿನ ಬೇಕು. ಗುಡ್ಡದ ಆಚೆ ನಿಂತುಹೋದ ಕಲ್ಲುಕ್ವಾರಿಯೊಂದಿದೆ, ನಾಲ್ಕು ವರ್ಷದ ಹಿಂದಿನ ದೊಡ್ಡ ಮಳೆಯಲ್ಲಿ ತುಂಬಿದ ಗುಂಡಿ, ಅರವತ್ತು ಅಡಿ ಆಳ, ಕನ್ನಡಿಯಂಥ ನೀರು. ಎಲ್ಲ ಟ್ಯಾಂಕರುಗಳೂ ಅಲ್ಲಿಗೇ ಹೋಗುತ್ತಿವೆ.

ತಹಶೀಲ್ದಾರ್ ವಿಶಾಲಾಕ್ಷಿ ಮೇಡಂಗೆ ಹೇಳಿದೆ. ಅವರಿಗೆ ಆಗಲೇ ಗೊತ್ತಿತ್ತು. ಮಂಜೂರಾದ ಮೂಲ ಜಲಾಶಯ ಒಂದೇ, ಕ್ವಾರಿ ಎಂದು ಬರೆದ ಮರುಕ್ಷಣ ನಿಲ್ಲಿಸಬೇಕಾಗುತ್ತದೆ, ನಿಲ್ಲಿಸಿದರೆ ಎಂಟು ಸಾವಿರ ಜನಕ್ಕೆ ಐದು ಟ್ಯಾಂಕರ್ ಎಂದರು. ನೀರನ್ನು ತಾವೇ ಬಾಟಲಿಯಲ್ಲಿ ತುಂಬಿಸಿ ಹೊರಗೆ ಪರೀಕ್ಷೆಗೆ ಕಳಿಸಿದ್ದರು, ಕುಡಿಯಲು ಯೋಗ್ಯ ಎಂದು ಬಂದಿತ್ತು. ನಾನು ಜಲಾಶಯ ಎಂದೇ ಬರೆಯುತ್ತಾ ಹೋದೆ. ಅದರಲ್ಲಿ ನನಗೆ ದೊಡ್ಡ ತಪ್ಪೇನೂ ಕಾಣಲಿಲ್ಲ.

ಹೊನ್ನೂರಮ್ಮ ನಮ್ಮ ಬೀದಿಯ ಕೊನೆಯ ಮನೆಯವಳು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಅವಳ ಗಂಡ ಎರ್ರಿಸ್ವಾಮಿ ನಾಲ್ಕು ವರ್ಷದ ಹಿಂದೆ ಕೆಲಸಕ್ಕೆಂದು ಹೋದವನು ತಿರುಗಿ ಬಂದಿರಲಿಲ್ಲ. ಬೋರ್‌ವೆಲ್ ಲಾರಿಯವರ ಜೊತೆ ಹೋಗುತ್ತೇನೆಂದು ಹೇಳಿ ಹೋಗಿದ್ದ. ಆ ಲಾರಿಯವರನ್ನು ಕೇಳಿದರೆ ಮೂರೇ ದಿನಕ್ಕೆ ನಮ್ಮನ್ನು ಬಿಟ್ಟುಹೋದ ಎಂದಿದ್ದರು. ಯಾರೋ ಅವನನ್ನು ಇನ್ನೊಬ್ಬಳ ಜೊತೆ ಬಸ್‌ಸ್ಟ್ಯಾಂಡಿನಲ್ಲಿ ನೋಡಿದೆವೆಂದರು. ಊರು ಆ ಮಾತನ್ನು ಹಿಡಿದುಕೊಂಡಿತು. ಹೊನ್ನೂರಮ್ಮ ಓಡಿಹೋದವನ ಹೆಂಡತಿಯಾದಳು. ಅವಳ ಕೈಯ ಬಳೆ ನೋಡಿ ಗಂಗಕ್ಕನಂಥವರು, ಯಾರಿಗಾಗಿ ಇವನ್ನೆಲ್ಲ ಹಾಕ್ಕೊಂಡಿದೀಯೆ ಎಂದು ನಗಾಡುತ್ತಿದ್ದರು. ಅವಳು ತಿರುಗಿ, ನಿನ್ನ ಗಂಡ ಮನೇಲೇ ಇದ್ದು ನಿನಗೆ ಏನು ಕಡಿದು ಕಟ್ಟೆ ಹಾಕಿದಾನೆ ಎನ್ನುತ್ತಿದ್ದಳು. ಹೀಗೆ ದಿನ ಹೋಗುತ್ತಿತ್ತು.

ಒಂದು ಬೆಳಿಗ್ಗೆ ಅವಳು ಟ್ಯಾಂಕರಿನ ಪೈಪಿನಿಂದ ಕೊಡ ತುಂಬಿಸಿಕೊಂಡು, ಮುಚ್ಚಳ ಹಾಕಲು ಬಗ್ಗಿದವಳು ಹಾಗೆಯೇ ನಿಂತಳು. ಹಿಂದಿನವರು ಪಕ್ಕಕ್ಕೆ ಸರಿಯೇ ಎಂದರು. ಅವಳು ಸರಿಯಲಿಲ್ಲ. ನಾನು ಹೋಗಿ ನೋಡಿದೆ. ಕೊಡದೊಳಗೆ ಎರ್ರಿಸ್ವಾಮಿ ಇದ್ದ. ಎಡಗಡೆ ಹುಬ್ಬಿನ ಮೇಲಿನ ಗಾಯದ ಗುರುತು, ಸ್ವಲ್ಪ ಸೊಟ್ಟಗಿನ ಮೂಗು. ಕಣ್ಣು ತೆರೆದಿದ್ದವು. ಅವನ ತಲೆಗೂದಲು ಮೇಲಕ್ಕೆ ಎದ್ದು ನಿಧಾನವಾಗಿ ಆಡುತ್ತಿತ್ತು.

ನಮ್ಮೂರಿನ ಐದು ವರ್ಷದ ಮಗುವಿಗೂ ಇದು ಗೊತ್ತು. ಮೇಲಿನಿಂದ ಬಗ್ಗಿ ನೋಡಿದವರ ಕೂದಲು ಕೆನ್ನೆಯ ಮೇಲೆ ಜೋತು ಬಿದ್ದಿರುತ್ತದೆ. ನೀರಿನ ಒಳಗಿನಿಂದ ನೋಡಿದವರ ಕೂದಲು ಮಾತ್ರ ಹೀಗೆ ಮೇಲೆ ಏಳುತ್ತದೆ. ಹಿಂದೆ ಊರಿನ ಬಾವಿಯಲ್ಲಿ ಯಾರಾದರೂ ಬಿದ್ದು ಸತ್ತಾಗ ಅಂಥ ಮುಖ ಕಾಣುತ್ತಿತ್ತು. ಆಗ ನೀರನ್ನೆಲ್ಲ ಎತ್ತಿ ಹೊರಗೆ ಚೆಲ್ಲಬೇಕು. ಹೆಣ ಸಿಕ್ಕರೂ ನಿಲ್ಲಿಸುವಂತಿಲ್ಲ, ತಳದ ಕಲ್ಲು ಕಾಣುವವರೆಗೆ ಚೆಲ್ಲಬೇಕು. ಆ ನೀರನ್ನು ಯಾರೂ ಬಳಸುವುದಿಲ್ಲ. ಆಮೇಲೆ ಬರುವ ಹೊಸ ನೀರಿನಲ್ಲಿ ಆ ಮುಖ ಇರುವುದಿಲ್ಲ. ಇದು ಯಾರೂ ಮುರಿಯದ ಕ್ರಮವಾಗಿತ್ತು.

ಅವತ್ತು ಸಾಲಿನಲ್ಲಿದ್ದ ಅರವತ್ತು ಎಪ್ಪತ್ತು ಹೆಂಗಸರಲ್ಲಿ ಒಬ್ಬರೂ ಕೂದಲಿನ ಮಾತೆತ್ತಲಿಲ್ಲ. ಗಂಗಕ್ಕ ಮೆಲ್ಲಗೆ ಬಂದು ಹೊನ್ನೂರಮ್ಮನ ಕೊಡಕ್ಕೆ ತಾನೇ ಮುಚ್ಚಳ ಹಾಕಿ, ಅವಳ ಸೊಂಟಕ್ಕೆ ಎತ್ತಿಕೊಟ್ಟಳು. ಎಲ್ಲರೂ ತಂತಮ್ಮ ಕೊಡ ತುಂಬಿಸಿಕೊಂಡು ಹೋದರು. ಆಮೇಲೆ ಗೊತ್ತಾಯಿತು, ಆ ವಾರದಲ್ಲಿ ಇನ್ನೂ ಎಷ್ಟೋ ಮನೆಗಳಲ್ಲಿ ಕೂದಲೆದ್ದ ಮುಖಗಳು ಕಂಡಿದ್ದವು. ಬೇರೆ ಬೇರೆಯವರು, ಪರಿಚಯವಿಲ್ಲದವರು. ಪರಿಚಯವಿಲ್ಲವಲ್ಲ ಎಂದು ಸುಮ್ಮನಿದ್ದು ಕುಡಿದಿದ್ದರು.

ಹೊನ್ನೂರಮ್ಮ ಆ ಕೊಡವನ್ನು ಬಳಸಲಿಲ್ಲ. ಅಡುಗೆಮನೆಯ ಮೂಲೆಯಲ್ಲಿಟ್ಟಳು. ಹೈಸ್ಕೂಲಿಗೆ ಹೋಗುವ ಮಗಳು ಭಾಗ್ಯ ಪಕ್ಕದ ಮನೆಗಳಲ್ಲಿ ಚೊಂಬು ಹಿಡಿದು ಅಪ್ಪನ ಮುಖವಿಲ್ಲದ ನೀರು ಕೇಳತೊಡಗಿದಳು. ಎರಡು ದಿನ ಬಿಟ್ಟು ಹೊನ್ನೂರಮ್ಮ ಸಂತೆ ಮೈದಾನಕ್ಕೆ ಬಂದು, ಈ ನೀರು ಎಲ್ಲಿಯದು ಎಂದು ನನ್ನನ್ನು ಕೇಳಿದಳು. ಜಲಾಶಯದ್ದು ಎಂದೆ. ಅವಳು ಬಸ್ಸು ಹತ್ತಿ ಜಲಾಶಯಕ್ಕೆ ಹೋದಳು. ಪಂಪ್‌ಹೌಸಿನವರು, ನಿಮ್ಮೂರಿನ ಟ್ಯಾಂಕರುಗಳು ಇಲ್ಲಿಗೆ ಬಂದು ಮೂರು ವಾರವಾಯಿತು ಎಂದು ಹೇಳಿ ಕಳಿಸಿದರು. ವಾಪಸ್ ಬಂದವಳು ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಳು. ಟ್ಯಾಂಕರ್ ನೀರಿನ ಮೂಲ ತಿಳಿಸುವ ಬಗ್ಗೆ, ಎಂದು ವಿಷಯ ಬರೆದಿತ್ತು. ಬರೆದವಳು ಭಾಗ್ಯ, ಅಕ್ಷರ ದುಂಡಗಿತ್ತು. ಅರ್ಜಿಗೆ ಸೀಲು ಹಾಕಿ ಸ್ವೀಕೃತಿ ಕೊಟ್ಟವನು ನಾನೇ.

ಸಂಜೆ ಬೀದಿಯ ಹೆಂಗಸರು ಅವಳ ಮನೆಗೆ ಹೋದರು. ನಮ್ಮವ್ವನೂ ಹೋಗಿದ್ದಳು, ಬಂದು ನನಗೆ ಹೇಳಿದಳು. ಯಾರೂ ಜಗಳವಾಡಲಿಲ್ಲವಂತೆ. ಒಂದು ಮಳೆ ಬೀಳಲಿ, ಬಾವಿಗೆ ನೀರು ಬರಲಿ, ಆಮೇಲೆ ಊರಿಗೆ ಊರೇ ನಿನ್ನ ಜೊತೆ ಬರುತ್ತದೆ, ಗಂಡಸರೇ ನಿಂತು ಆ ನೀರು ಎಲ್ಲಿಯದೋ ಹುಡುಕಿ ಬರಿದು ಮಾಡುತ್ತಾರೆ ಎಂದರಂತೆ. ಇಷ್ಟು ದಿನ ಕಾದವಳು, ಇನ್ನೆರಡು ತಿಂಗಳು ಎಂದರಂತೆ. ಹೊನ್ನೂರಮ್ಮ ಒಂದೇ ಮಾತು ಕೇಳಿದಳಂತೆ, ನಿಮ್ಮನೆಯೋರು ಒಳಗಿದ್ದಿದ್ರೆ ಮಳೆಗಾಲದವರೆಗೂ ಕುಡೀತಿದ್ರಾ ಎಂದು. ಗಂಗಕ್ಕ, ಕುಡೀಬೇಕಾಗಿತ್ತು ಕಣೆ, ಮಕ್ಕಳಿದ್ದಾವಲ್ಲ, ಎಂದಳಂತೆ. ಅವ್ವ ಇದನ್ನು ಹೇಳಿ, ಗಂಗಿ ಸುಳ್ಳು ಹೇಳಲಿಲ್ಲ ಎಂದಳು.

ಬರ ಅಧ್ಯಯನ ತಂಡ ಬಂದದ್ದು ಅದರ ಮುಂದಿನ ಬುಧವಾರ. ಮೂರು ಕಾರು, ಏಳು ಜನ. ಒಣಗಿದ ಹೊಲ ನೋಡಿದರು, ಮೇವು ಕೇಂದ್ರ ನೋಡಿದರು, ಹನ್ನೊಂದು ಗಂಟೆಗೆ ಸಂತೆ ಮೈದಾನಕ್ಕೆ ಬಂದರು. ಊರಿನವರೆಲ್ಲ ಖಾಲಿ ಕೊಡ ಹಿಡಿದು ನಿಂತಿದ್ದರು. ಹೊನ್ನೂರಮ್ಮ ಮಾತ್ರ ತುಂಬಿದ ಕೊಡ ಹೊತ್ತು ಬಂದಳು. ತಂಡದ ಮುಖ್ಯಸ್ಥರ ಮುಂದೆ ಅದನ್ನು ಇಳಿಸಿ ಮುಚ್ಚಳ ತೆಗೆದಳು. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ಇದು ಯಾರಮ್ಮ ಎಂದು ಕೇಳಿದರು.

"ನನ್ನ ಗಂಡ ಸಾರ್. ಈ ನೀರು ಎಲ್ಲಿಂದ ಬರುತ್ತೆ ಅಂತ ಅವನನ್ನ ಕೇಳಿ," ಎಂದು ನನ್ನ ಕಡೆ ಕೈ ತೋರಿಸಿದಳು.

ಅವರು ನನ್ನನ್ನು ಕೇಳಿದರು. ವಿಶಾಲಾಕ್ಷಿ ಮೇಡಂ ನನ್ನನ್ನು ನೋಡಲಿಲ್ಲ, ನೆಲ ನೋಡುತ್ತಿದ್ದರು. ನೋಡಿದವರು ಊರಿನವರು. ಅಷ್ಟು ಜನ ಒಟ್ಟಿಗೆ ಒಬ್ಬನನ್ನು ನೋಡುವುದನ್ನು ನಾನು ಹಿಂದೆ ಅನುಭವಿಸಿರಲಿಲ್ಲ. ಅವರ ನಡುವೆ ನಮ್ಮವ್ವನೂ ಕೊಡ ಹಿಡಿದು ನಿಂತಿದ್ದಳು. ಜಲಾಶಯ ಸಾರ್, ಎಂದು ರಿಜಿಸ್ಟರು ತೆರೆದು ಕೊಟ್ಟೆ. ಅವರು ಎರಡು ಪುಟ ತಿರುವಿದರು, ಸಹಿ ಹಾಕಿದರು. ಹೋಗುವ ಮುನ್ನ ಆ ಕೊಡಕ್ಕೆ ತಾವೇ ಮುಚ್ಚಳ ಹಾಕಿದರು. ಹತ್ತು ದಿನದ ಮೇಲೆ ಬಂದ ವರದಿಯಲ್ಲಿ ನಮ್ಮೂರಿನ ಬಗ್ಗೆ, ಮುಚ್ಚಳಗಳ ಗುಣಮಟ್ಟ ಸುಧಾರಿಸಬೇಕು ಎಂದು ಒಂದು ಸಾಲಿತ್ತು.

ನನಗೆ ಪಶ್ಚಾತ್ತಾಪವಾಯಿತು ಎಂದು ಹೇಳುವುದಿಲ್ಲ. ಆ ಜಾಗ ನೋಡಬೇಕೆನಿಸಿತು, ಅಷ್ಟೆ. ಭಾನುವಾರ ಗಾದಿಲಿಂಗನ ಪಕ್ಕದಲ್ಲಿ ಕೂತು ಹೋದೆ. ಗುಡ್ಡ ಸುತ್ತಿ, ತುಕ್ಕು ಹಿಡಿದ ಕ್ರಷರ್ ದಾಟಿ, ಟ್ಯಾಂಕರ್ ಗುಂಡಿಯ ಅಂಚಿಗೆ ಹೋಗಿ ನಿಂತಿತು. ಸುತ್ತಲೂ ಗರಗಸದಿಂದ ಕೊಯ್ದಂಥ ನೇರ ಕಲ್ಲುಗೋಡೆ. ನೀರು ಹತ್ತು ಅಡಿ ಇಳಿದು ಗೋಡೆಯ ಮೇಲೆ ಬಿಳಿ ಗೆರೆ ಬಿಟ್ಟಿತ್ತು. ಒಂದು ಹಕ್ಕಿಯೂ ಇರಲಿಲ್ಲ. ಗಾದಿಲಿಂಗ ಪೈಪು ಇಳಿಬಿಟ್ಟು ಬೀಡಿ ಹಚ್ಚಿದ. ಕೆಳಗೆ ಒಂದು ಲಾರಿಯೂ ಇದೆಯಂತೆ ಗುರು, ಪೈಪು ಒಮ್ಮೊಮ್ಮೆ ಕಬ್ಬಿಣಕ್ಕೆ ತಾಗುತ್ತೆ ಎಂದ. ಆ ಮಳೆಯ ದಿನ ಮೇಲಿನ ಕೆರೆಯ ಏರಿ ಒಡೆದು ನೀರೆಲ್ಲ ಇದರೊಳಗೆ ನುಗ್ಗಿತಂತೆ, ಕೆಳಗೆ ಕೆಲಸ ಮಾಡುತ್ತಿದ್ದವರ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲವಂತೆ, ಮಾಲೀಕ ಮಾರನೇ ದಿನವೇ ಗೇಟಿಗೆ ಬೀಗ ಹಾಕಿದನಂತೆ. ಇದನ್ನು ಅವನಿಗೆ ಹೇಳಿದವನು ದನ ಕಾಯುವ ಒಬ್ಬ ಮುದುಕ. ಯಾರಿಗೂ ಹೇಳಬೇಡ ಎಂದು ಹೇಳಿದ್ದನಂತೆ.

ನಾನು ಅಂಚಿಗೆ ಹೋಗಿ, ಮೊಣಕಾಲೂರಿ ಬಗ್ಗಿ ನೋಡಿದೆ. ಏನೂ ಕಾಣಲಿಲ್ಲ. ಆಕಾಶ ಕಂಡಿತು, ನನ್ನ ತಲೆ ಕಂಡಿತು. ಇನ್ನೂ ಬಗ್ಗಿದೆ. ಒಂದೆರಡು ನಿಮಿಷ ಹಾಗೇ ಇದ್ದೆ. ಹುಟ್ಟಿದಾಗಿನಿಂದ ನೀರಿನ ಜೊತೆ ಹುಷಾರಾಗಿ ಬದುಕಿದ ಊರಿನವನು ನಾನು. ಎರಡನೇ ಕ್ಲಾಸಿನ ಹುಡುಗರೂ ಕದ್ದು ಮಾವಿನಕಾಯಿ ಕಿತ್ತ ತೋಟದ ಬಾವಿಯಲ್ಲಿ ಇಣುಕುವುದಿಲ್ಲ. ನನಗೆ ಆ ಹೊತ್ತಿನಲ್ಲಿ ಅದು ತಲೆಗೇ ಬರಲಿಲ್ಲ. ಹೊರಗಿನ ನೀರು ಎಂದು ಬಗ್ಗಿದೆ.

ಸೋಮವಾರ ಬೆಳಿಗ್ಗೆ ಎರಡನೇ ಟ್ಯಾಂಕರಿನ ಹೊತ್ತಿಗೆ ಸಾಲಿನಲ್ಲಿ ಮಾತು ನಿಂತಿತು. ತಲೆಯೆತ್ತಿದರೆ ಒಬ್ಬ ಹೆಂಗಸು ತನ್ನ ಕೊಡ ನೋಡಿ ನನ್ನನ್ನು ನೋಡುತ್ತಿದ್ದಳು. ಆಮೇಲೆ ಅವಳ ಹಿಂದಿನವಳು ನೋಡಿದಳು. ಮಧ್ಯಾಹ್ನದ ಹೊತ್ತಿಗೆ ನನ್ನ ಮುಖ ಊರಿನ ಅರ್ಧ ಮನೆಗಳಲ್ಲಿತ್ತು. ನಮ್ಮನೆಯ ಹಂಡೆಯಲ್ಲೂ ಇತ್ತು. ಅವ್ವ ಮುಚ್ಚಳ ತೆಗೆದು ತೋರಿಸಿದಳು. ಕೂದಲು ಕೆನ್ನೆಯ ಮೇಲೆ ಜೋತು ಬಿದ್ದಿತ್ತು, ಬಾಯಿ ಸ್ವಲ್ಪ ತೆರೆದಿತ್ತು, ಏನನ್ನೋ ಹುಡುಕುವವನ ಹಾಗೆ ಹುಬ್ಬು ಗಂಟಿಕ್ಕಿತ್ತು. ನನ್ನ ಮುಖದ ಸ್ವಲ್ಪ ಕೆಳಗೆ ಕೂದಲೆದ್ದ ಇನ್ನೊಂದು ಮುಖವಿತ್ತು. ಅದು ನನ್ನನ್ನೇ ನೋಡುತ್ತಿತ್ತು.

ಹೊನ್ನೂರಮ್ಮ ಸಂಜೆ ನಾಲ್ಕಕ್ಕೆ ಬಂದಳು. ನಾನು ಮೈದಾನದಲ್ಲಿ ಒಬ್ಬನೇ ಇದ್ದೆ. ಅವಳ ಕೈಯಲ್ಲಿ ಒಂದು ಸ್ಟೀಲ್ ತಂಬಿಗೆ ಇತ್ತು. ಅದರೊಳಗೆ ನಾನಿದ್ದೆ. ಅದನ್ನು ರಿಜಿಸ್ಟರಿನ ಮೇಲೆ ಇಟ್ಟಳು.

"ಯಾವಾಗ ಹೋಗಿದ್ದೆ ತಮ್ಮಾ?"

"ನಿನ್ನೆ."

"ಕಂಡನಾ?"

"ಇಲ್ಲಕ್ಕ. ಅಲ್ಲಿ ಬರೀ ನೀರು ಕಾಣುತ್ತೆ."

ಅವಳು ತಲೆಯಾಡಿಸಿದಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ.

"ಎಷ್ಟು ದೂರ?"

"ಇಪ್ಪತ್ತೆರಡು ಕಿಲೋಮೀಟರ್."

"ಬಸ್ಸು ಹೋಗುತ್ತಾ?"

ನಾಲ್ಕು ವರ್ಷದಿಂದ ಅವಳು ಕೇಳಿದ್ದ ಅಡ್ರೆಸ್ಸುಗಳೆಲ್ಲ ಮುನ್ನೂರು ನಾನೂರು ಕಿಲೋಮೀಟರ್ ಆಚೆಯವು. ಇಪ್ಪತ್ತೆರಡು ಎಂಬುದು ಅವಳಿಗೆ ಸುಲಭವಾಗಿ ಇಳಿಯಲಿಲ್ಲ ಎಂದು ಕಾಣುತ್ತದೆ, ಮತ್ತೆ ಒಂದು ಸಲ ಕೇಳಿದಳು. ನಾನು ಮತ್ತೆ ಹೇಳಿದೆ. ದಾರಿ ಹೇಳಿದೆ. ಆಮೇಲೆ ತಂಬಿಗೆ ಪಕ್ಕಕ್ಕಿಟ್ಟು, ಅವಳ ಎದುರಿಗೇ ಆ ದಿನದ ಹದಿನಾಲ್ಕು ಟ್ರಿಪ್ಪುಗಳ ಮುಂದೆ ಜಲಾಶಯ ಎಂದಿದ್ದನ್ನು ಹೊಡೆದು ಹಾಕಿ ಕ್ವಾರಿ ಎಂದು ಬರೆದೆ, ಫೋಟೊ ತೆಗೆದು ಕಳಿಸಿದೆ. ಧೈರ್ಯ ಬಂದು ಬರೆದದ್ದಲ್ಲ. ಊರಿನ ಎಲ್ಲ ಕೊಡಗಳಲ್ಲಿ ಇರುವುದನ್ನು ಪುಸ್ತಕದಲ್ಲಿ ಬೇರೆ ಥರ ಬರೆದು ಏನು ಪ್ರಯೋಜನ.

ಮರುದಿನ ಮೇಡಂ ಕರೆಸಿದರು. ಮೇಜಿನ ಮೇಲೆ ಜಿಲ್ಲೆಯಿಂದ ಬಂದ ಮೂರು ಆದೇಶಗಳಿದ್ದವು. ಕ್ವಾರಿಯ ನೀರು ತಕ್ಷಣ ನಿಲ್ಲಿಸಬೇಕು, ಹೊನ್ನೂರಮ್ಮನ ದೂರಿನ ಮೇಲೆ ಪೊಲೀಸ್ ಮತ್ತು ಅಗ್ನಿಶಾಮಕದವರು ಗುಂಡಿ ಬರಿದು ಮಾಡಿ ಹೆಣ ಹುಡುಕಬೇಕು, ನನ್ನ ಗುತ್ತಿಗೆ ರದ್ದು. "ನೀನು ಬರೆದದ್ದು ಸರಿ," ಎಂದರು. "ನಾಳೆ ಬೆಳಿಗ್ಗೆ ಎಂಟು ಸಾವಿರ ಜನಕ್ಕೆ ಏನು ಕೊಡಲಿ, ಅದನ್ನೂ ಬರೆದು ಹೋಗು." ಉತ್ತರಕ್ಕೆ ಕಾಯದೆ ಫೋನು ಎತ್ತಿಕೊಂಡರು.

ಎರಡು ದಿನ ಊರಿಗೆ ನಾಲ್ಕೈದು ಟ್ಯಾಂಕರ್ ಬಂದವು. ಸಾಲಿನಲ್ಲಿ ಮೊದಲ ಬಾರಿಗೆ ಹೊಡೆದಾಟ ಆಯಿತು. ನಮ್ಮನೆಯ ಬಾಗಿಲಿಗೆ ಯಾರೋ ಸಗಣಿ ಎಸೆದಿದ್ದರು. ಮೂರನೇ ದಿನ ಬೆಳಿಗ್ಗೆ ಊರಿನವರು ಟ್ರ್ಯಾಕ್ಟರುಗಳಲ್ಲಿ, ಬೈಕುಗಳಲ್ಲಿ ಕ್ವಾರಿಗೆ ಹೊರಟರು. ಯಾರೂ ಯಾರಿಗೂ ಹೇಳಲಿಲ್ಲ, ಆದರೆ ಎಲ್ಲರ ಕೈಯಲ್ಲೂ ಕೊಡಗಳಿದ್ದವು. ಅವ್ವ ಎರಡು ಬಿಂದಿಗೆ ತೆಗೆದುಕೊಂಡಳು. ನಾನೂ ಹತ್ತಿದೆ, ಯಾರೂ ಇಳಿ ಎನ್ನಲಿಲ್ಲ.

ನಾಲ್ಕು ಪಂಪುಗಳು ಎರಡು ದಿನದಿಂದ ನೀರೆತ್ತುತ್ತಿದ್ದವು. ತೊಡೆಗಾತ್ರದ ಪೈಪುಗಳಿಂದ ಬಂದ ನೀರು ಬಂಡೆಯ ಮೇಲೆ ಬಿದ್ದು, ಇಳಿಜಾರಿನಲ್ಲಿ ಹರಿದು, ಸೀಮೆಜಾಲಿಯ ಪೊದೆಗಳಿಗೆ ಹೋಗುತ್ತಿತ್ತು. ಅಷ್ಟು ನೀರು ಹರಿಯುವುದನ್ನು ನಾವು ಆ ವರ್ಷ ನೋಡಿರಲಿಲ್ಲ. ಊರಿನವರು ಹಗ್ಗದ ಈಚೆ ನಿಂತು ಅದನ್ನೇ ನೋಡಿದರು. ಗುಂಡಿಯ ಕಡೆ ಯಾರೂ ನೋಡಲಿಲ್ಲ. ಆಗಲೇ ಲಾರಿಯ ಕ್ಯಾಬಿನ್ ನೀರಿನ ಮೇಲೆ ಬಂದಿತ್ತು. ನೀರು ಮುಟ್ಟಬಾರದೆಂದು ಕಾನ್‌ಸ್ಟೇಬಲ್ ಹೇಳಿದ. ಹೇಳುವ ಅಗತ್ಯವಿರಲಿಲ್ಲ. ಚೆಲ್ಲುವ ನೀರನ್ನು ನಮ್ಮವರು ಮುಟ್ಟುವುದಿಲ್ಲ. ಆದರೂ ಕೊಡ ತಂದಿದ್ದರು, ತಂದು ಸುಮ್ಮನೆ ನಿಂತಿದ್ದರು. ಮಕ್ಕಳು ತುಟಿ ನೆಕ್ಕುತ್ತಿದ್ದವು.

ಹೊನ್ನೂರಮ್ಮ ಹಗ್ಗದ ಆಚೆ ಒಂದು ಕಲ್ಲಿನ ಮೇಲೆ ಕೂತಿದ್ದಳು. ಗುರುತು ಹಿಡಿಯಲು ಪೊಲೀಸರೇ ಕರೆಸಿದ್ದರು. ಪಕ್ಕದಲ್ಲಿ ಭಾಗ್ಯ. ಬಿಸಿಲು ಏರಿದಾಗ ಹೊನ್ನೂರಮ್ಮ ತಿರುಗಿ ನಮ್ಮನ್ನು ನೋಡಿದಳು, ಒಬ್ಬೊಬ್ಬರನ್ನೇ ನೋಡಿದಳು. ಎದ್ದು ಬಂದು ಗಂಗಕ್ಕನ ಕೈಯಿಂದ ಕೊಡ ಕಿತ್ತುಕೊಂಡಳು. ಪೈಪಿನ ಬಾಯಿಗೆ ಹಿಡಿದು ತುಂಬಿಸಿ ತಂದು ಗಂಗಕ್ಕನ ಸೊಂಟಕ್ಕೆ ಇಟ್ಟಳು.

"ಇಷ್ಟು ದಿನ ಕುಡಿದಿಲ್ವಾ," ಎಂದಳು. "ಹಿಡೀರಿ."

ಗಂಗಕ್ಕ ಕೊಡ ಇಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಬ್ಬಳು ಮುಂದೆ ಹೋದಳು, ಆಮೇಲೆ ಇನ್ನೊಬ್ಬಳು. ಕಾನ್‌ಸ್ಟೇಬಲ್ ಬೇರೆ ಕಡೆ ತಿರುಗಿದ. ಗಲಾಟೆಯಿಲ್ಲದೆ ಸಾಲಾಯಿತು. ನಾನು ಅವ್ವನ ಒಂದು ಬಿಂದಿಗೆ ತೆಗೆದುಕೊಂಡು ಕೊನೆಯಲ್ಲಿ ನಿಂತೆ. ನನ್ನ ಸರದಿ ಬರುವ ಹೊತ್ತಿಗೆ ಪಂಪು ಗಾಳಿ ಎಳೆಯತೊಡಗಿ, ಪೈಪು ಕೆಸರು ಕಾರಿತು. ಕೆಳಗಿಳಿದಿದ್ದ ಅಗ್ನಿಶಾಮಕದವರು ಸಿಳ್ಳೆ ಹಾಕಿ, ತಳದ ಕಲ್ಲು ಕಾಣ್ತಿದೆ, ಪಂಪು ನಿಲ್ಲಿಸಿ ಎಂದರು. ಹೊನ್ನೂರಮ್ಮ ಮಗಳ ಕೈ ಹಿಡಿದುಕೊಂಡು ಅಂಚಿನ ಕಡೆ ನಡೆದಳು. ತುಂಬಿದ ಕೊಡ ಹೊತ್ತವರು ಅವಳಿಗೆ ದಾರಿ ಬಿಟ್ಟರು.